ಹಬ್ಬ ಕದ್ದ ಎಲುಬುಗೂಡು ಮತ್ತು ನೋಡದೆ ಕೊಟ್ಟ ತೀರ್ಪು

ಕಳೆದ ಡಿಸೆಂಬರಿನಲ್ಲಿ ನಮ್ಮ ಮದ್ರಸಾದ ಹೆತ್ತವರ ವಾಟ್ಸ್‌ಆ್ಯಪ್ ಬಳಗಕ್ಕೆ ಒಂದು ಧ್ವನಿ ಸಂದೇಶ ಬಂತು. ಮಾತನಾಡಿದವರು ಯಾರೆಂದು ಬಳಗದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆದರೆ ಆ ಧ್ವನಿಯಲ್ಲಿ ಸಂದೇಹದ ಲವಲೇಶವೂ ಇರಲಿಲ್ಲ. ‘ದ ನೈಟ್‌ಮೇರ್ ಬಿಫೋರ್ ಕ್ರಿಸ್ಮಸ್’ ಎಂಬ ಕಾರ್ಟೂನ್ ಸಿನಿಮಾ ನಮ್ಮ ಮಕ್ಕಳನ್ನು ಶೈತಾನನ ದಾಸರನ್ನಾಗಿ ಮಾಡಲೆಂದೇ ತಯಾರಾಗಿದೆಯೆಂದೂ, ಅದರಲ್ಲಿ ಎಲುಬುಗೂಡೊಂದು ಕ್ರಿಸ್ಮಸ್ ತಾತನನ್ನು ಕೊಂದು ಹಾಕುತ್ತದೆಯೆಂದೂ, ಅದನ್ನು ನೋಡಿದ ಮಗು ಅನ್ಯರ ಹಬ್ಬ ಆಚರಿಸಲು ಕಲಿಯುತ್ತದೆಯೆಂದೂ ಅವರು ಹೇಳಿದರು. ಇದನ್ನು ಹತ್ತು ಮಂದಿಗೆ ತಲುಪಿಸದವನು ನಾಳೆ ಉತ್ತರ ಹೇಳಬೇಕಾದೀತು ಎಂಬ ಎಚ್ಚರಿಕೆಯೂ ಕೊನೆಯಲ್ಲಿತ್ತು. ಸಂಜೆಯೊಳಗೆ ಅದೇ ಸಂದೇಶ ಬೇರೆ ನಾಲ್ಕು ಕಡೆಗಳಿಂದ ನನ್ನ ಮೊಬೈಲಿಗೆ ಬಂದು ಸೇರಿತು.

ನನಗೆ ಸಿನಿಮಾ ನೋಡುವ ಅಭ್ಯಾಸವಿಲ್ಲ. ಆದರೂ ಇದನ್ನು ನೋಡಿದೆ. ಐದನೇ ತರಗತಿಯ ಹುಡುಗಿಯೊಬ್ಬಳು ಅದನ್ನು ಮನೆಯಲ್ಲಿ ನೋಡಿ ಬಂದು ನನ್ನಲ್ಲಿ ಒಂದು ಪ್ರಶ್ನೆ ಕೇಳಿದ್ದಳು. ಆ ಪ್ರಶ್ನೆಗೆ ಉತ್ತರಿಸಬೇಕಾದರೆ ನೋಡದೆ ಬೇರೆ ದಾರಿಯಿರಲಿಲ್ಲ. ಕಾಣದ್ದರ ಕುರಿತು ಸಾಕ್ಷಿ ಹೇಳಬಾರದೆಂದು ನಾವು ಮಕ್ಕಳಿಗೆ ಪಾಠ ಮಾಡುತ್ತೇವೆ. ಆ ಪಾಠ ನ್ಯಾಯಾಲಯಕ್ಕೆ ಮಾತ್ರ ಅನ್ವಯಿಸುತ್ತದೆಂದು ಯಾರೂ ನಮಗೆ ಹೇಳಿಲ್ಲ.

ಸಂದೇಶದವರು ಸಿನಿಮಾ ನೋಡಿರಲಿಲ್ಲವೆಂಬುದು ಸ್ಪಷ್ಟ. ಅಲ್ಲಿ ಕ್ರಿಸ್ಮಸ್ ತಾತ ಸಾಯುವುದೇ ಇಲ್ಲ. ಕಥೆ ಹೀಗಿದೆ: ಹ್ಯಾಲೋವೀನ್ ಎಂಬ ಪಟ್ಟಣ. ಭೂತಗಳು, ಮಾಟಗಾತಿಯರು, ರಕ್ತ ಹೀರುವವರು ಅಲ್ಲಿನ ನಿವಾಸಿಗಳು. ವರ್ಷಕ್ಕೊಮ್ಮೆ ಜನರನ್ನು ಹೆದರಿಸುವುದು ಅವರ ಕಸುಬು, ಅದೇ ಅವರ ಹಬ್ಬ. ಅವರ ನಾಯಕ ಜ್ಯಾಕ್ ಸ್ಕೆಲಿಂಗ್ಟನ್. ಉದ್ದನೆಯ ಕಾಲುಗಳ ಎಲುಬುಗೂಡು, ‘ಕುಂಬಳಕಾಯಿ ರಾಜ’ ಎಂದು ಬಿರುದು. ವರ್ಷ ವರ್ಷವೂ ಅದೇ ಚೀರಾಟ, ಅದೇ ಚಪ್ಪಾಳೆ. ಅವನಿಗೆ ಬೇಸರವಾಗುತ್ತದೆ. ಝೀರೋ ಎಂಬ ಭೂತನಾಯಿಯೊಂದಿಗೆ ಕಾಡಿನಲ್ಲಿ ಅಲೆಯುತ್ತ, ಕಾಂಡದಲ್ಲಿ ಬಾಗಿಲುಗಳಿರುವ ಮರಗಳ ನಡುವೆ ಬಂದು ನಿಲ್ಲುತ್ತಾನೆ. ಒಂದೊಂದು ಬಾಗಿಲಿಗೆ ಒಂದೊಂದು ಹಬ್ಬದ ಗುರುತು. ಕ್ರಿಸ್ಮಸ್ ಮರದ ಚಿತ್ರವಿರುವ ಬಾಗಿಲು ತೆರೆದು ಆ ಪಟ್ಟಣಕ್ಕೆ ಬೀಳುತ್ತಾನೆ. ಹಿಮ, ದೀಪ, ಬೆಚ್ಚಗಿನ ಮನೆಗಳು, ನೆಮ್ಮದಿಯಿಂದ ಮಲಗಿದ ಮಕ್ಕಳು. ಮನಸೋಲುತ್ತಾನೆ. ಈ ಹಬ್ಬ ತನ್ನದಾಗಬೇಕು ಎಂದುಕೊಳ್ಳುತ್ತಾನೆ.

ಅಲ್ಲಿಂದ ಮುಂದಿನದ್ದು ಒಂದು ದುರಂತದ ಕಥೆ, ನಗು ಬರಿಸುತ್ತಲೇ ನಡೆಯುವ ದುರಂತ. ತನ್ನ ಊರಿನ ಮೂವರು ತುಂಟ ಮಕ್ಕಳನ್ನು ಕಳುಹಿಸಿ ಕ್ರಿಸ್ಮಸ್ ತಾತನನ್ನು ಅಪಹರಿಸುತ್ತಾನೆ. ತಾನೇ ಕೆಂಪು ಅಂಗಿ ತೊಟ್ಟು, ಎಲುಬಿನ ಸಾರಂಗಗಳು ಎಳೆಯುವ ಶವಪೆಟ್ಟಿಗೆಯಂಥ ಗಾಡಿಯಲ್ಲಿ ಆಕಾಶಕ್ಕೇರಿ ಮನೆಮನೆಗೆ ಉಡುಗೊರೆ ಹಂಚುತ್ತಾನೆ. ಒಬ್ಬ ಹುಡುಗನಿಗೆ ಒಣಗಿ ಕುಗ್ಗಿದ ತಲೆ. ಇನ್ನೊಂದು ಮನೆಯಲ್ಲಿ ಹಾವು ಕ್ರಿಸ್ಮಸ್ ಮರವನ್ನೇ ನುಂಗುತ್ತದೆ. ಮಕ್ಕಳು ಚೀರುತ್ತಾರೆ. ಸೈನ್ಯ ಫಿರಂಗಿ ಹಾರಿಸಿ ಅವನನ್ನು ಉರುಳಿಸುತ್ತದೆ. ಸ್ಮಶಾನವೊಂದರ ಕಲ್ಲಿನ ಪ್ರತಿಮೆಯ ತೋಳುಗಳಲ್ಲಿ ಬಿದ್ದುಕೊಂಡು, ತಾನು ಮಾಡಿದ್ದೇನೆಂದು ಜ್ಯಾಕ್‌ಗೆ ಹೊಳೆಯುತ್ತದೆ. ಹಿಂದಿರುಗಿ ತಾತನನ್ನು ಬಿಡಿಸುತ್ತಾನೆ.

ಅನ್ಯರ ಹಬ್ಬ ಆಚರಿಸಲು ಈ ಸಿನಿಮಾ ಕಲಿಸುತ್ತದೆಯಂತೆ! ಬೇರೆ ಊರಿನ ಹಬ್ಬವನ್ನು ಹೊರಗಿನ ಅಂದಕ್ಕೆ ಮನಸೋತು ಅನುಕರಿಸಲು ಹೋದವನು ಹೇಗೆ ಎರಡೂ ಊರುಗಳನ್ನು ಕೆಡಿಸಿದ ಎಂಬುದೇ ಇದರ ಕಥೆ. ‘ತಶಬ್ಬುಹ್’ ಕುರಿತು ನಾವು ವರ್ಷವಿಡೀ ಉಪದೇಶ ಮಾಡುತ್ತೇವೆ. ಈ ಎಲುಬಿನ ಗೊಂಬೆ ಅದನ್ನು 76 ನಿಮಿಷಗಳಲ್ಲಿ ನಟಿಸಿ ತೋರಿಸುತ್ತದೆ. ಸಂದೇಶದವರು ತಮ್ಮ ಪರವಾಗಿ ನಿಂತ ಸಾಕ್ಷಿಗೇ ಕಲ್ಲೆಸೆದಿದ್ದಾರೆ.

ಇಡೀ ಸಿನಿಮಾದಲ್ಲಿ ನನ್ನನ್ನು ಹೆಚ್ಚು ತಡೆದು ನಿಲ್ಲಿಸಿದ್ದು ಒಂದು ಸಭೆಯ ದೃಶ್ಯ. ಕ್ರಿಸ್ಮಸ್ ಪಟ್ಟಣದಿಂದ ಮರಳಿದ ಜ್ಯಾಕ್ ಊರವರನ್ನು ಸೇರಿಸಿ ತಾನು ಕಂಡದ್ದನ್ನು ವಿವರಿಸುತ್ತಾನೆ. ಬಣ್ಣದ ಕಾಗದ ಸುತ್ತಿದ ಪೆಟ್ಟಿಗೆಯನ್ನು ತೋರಿಸಿದರೆ, ಒಳಗೆ ಸತ್ತದ್ದೇನಾದರೂ ಇದೆಯೇ ಎಂಬ ಧಾಟಿಯಲ್ಲಿ ಜನ ಕೇಳುತ್ತಾರೆ. ಉಡುಗೊರೆ ತುಂಬುವ ಕಾಲುಚೀಲ ತೋರಿಸಿದರೆ, ಅದರಲ್ಲಿ ಕೊಳೆತ ಕಾಲು ಉಂಟೇ ಎನ್ನುತ್ತಾರೆ. ಒಂದು ಹಂತದವರೆಗೆ ಅವನು ತಿದ್ದುತ್ತಾನೆ, ವಿವರಿಸುತ್ತಾನೆ. ಆಮೇಲೆ ಸೋಲುತ್ತಾನೆ. ಇವರಿಗೆ ಬೇಕಾದದ್ದನ್ನೇ ಕೊಟ್ಟುಬಿಡೋಣವೆಂದು ನಿರ್ಧರಿಸಿ, ಕ್ರಿಸ್ಮಸ್ ತಾತನನ್ನು ಉಗುರುಗಳುಳ್ಳ ಭಯಾನಕ ರಾಕ್ಷಸನಂತೆ ಬಣ್ಣಿಸುತ್ತಾನೆ. ಸಭೆ ಹರ್ಷದಿಂದ ಕುಣಿಯುತ್ತದೆ. ವೇದಿಕೆಯಿಂದ ಇಳಿಯುವಾಗ ಅವನ ಮುಖದಲ್ಲಿ ಸಂತೋಷವಿಲ್ಲ, ಏಕೆಂದರೆ ಅವನಿಗೆ ಸತ್ಯ ಗೊತ್ತು.

ಈ ದೃಶ್ಯವನ್ನು ನಾನು ಮತ್ತೊಮ್ಮೆ ಹಿಂದಕ್ಕೆ ಸರಿಸಿ ನೋಡಿದೆ. ಮಿಂಬರಿನ ಕೆಳಗೆ ಕುಳಿತು, ಮೇಲೆ ನಿಂತು ಎರಡೂ ಅನುಭವವಿರುವ ನನ್ನಂಥವನಿಗೆ ಅದು ಬರಿ ಗೊಂಬೆಯಾಟವಾಗಿ ಕಾಣಲಿಲ್ಲ. ಜನರಿಗೆ ಭಯ ಬೇಕು ಎಂದು ಕಂಡ ಕೂಡಲೇ ಭಯವನ್ನು ಬಡಿಸುವ ಭಾಷಣಕಾರರು ಆ ಪಟ್ಟಣದಲ್ಲಿ ಮಾತ್ರ ಇದ್ದಾರೆಯೇ? ನೆರೆಯವರ ಧರ್ಮವೇನು, ಅವರ ಹಬ್ಬವೇನು ಎಂದು ವಿವರಿಸುವ ತಾಳ್ಮೆ ನಮ್ಮಲ್ಲಿ ಎಷ್ಟು ಮಂದಿಗಿದೆ? ಶೈತಾನನ ಹೆಸರು ಹೇಳಿದರೆ ಸಂದೇಶ ಹತ್ತು ಬಳಗಗಳಿಗೆ ಹಾರುತ್ತದೆ. ಮರ್ಯಮರ ಹೆಸರು ಹೇಳಿದರೆ ಹಾರುವುದಿಲ್ಲ. ಜ್ಯಾಕ್‌ಗೆ ಕನಿಷ್ಠ ಪಕ್ಷ ತಾನು ಸುಳ್ಳು ಹೇಳಿದೆನೆಂಬ ಅರಿವಿತ್ತು.

ಎಲುಬುಗೂಡು, ಭೂತ ಇತ್ಯಾದಿಗಳ ಕುರಿತು ಒಂದು ಮಾತು. ಕಲ್ಪನೆಯ ಆಟಿಕೆಗಳೇ ನಿಷಿದ್ಧವೆಂಬಂತೆ ಮಾತನಾಡುವವರು ಆಯಿಶಾ(ರ)ರ ಬೊಂಬೆಗಳ ಪ್ರಸಂಗವನ್ನು ನೆನಪಿಸಿಕೊಳ್ಳಲಿ. ಗಾಳಿಗೆ ಪರದೆ ಸರಿದಾಗ ಅವರ ಬೊಂಬೆಗಳ ನಡುವೆ ಬಟ್ಟೆಯ ರೆಕ್ಕೆಗಳುಳ್ಳ ಕುದುರೆಯೊಂದು ಪ್ರವಾದಿ(ಸ)ರ ಕಣ್ಣಿಗೆ ಬಿತ್ತು. ಕುದುರೆಗೆ ರೆಕ್ಕೆಯೇ ಎಂದು ಅವರು ವಿಚಾರಿಸಿದರು. ಸುಲೈಮಾನ್(ಅ)ರ ಕುದುರೆಗಳಿಗೆ ರೆಕ್ಕೆಗಳಿದ್ದುದನ್ನು ತಾವು ಕೇಳಿಲ್ಲವೇ ಎಂದು ಆಯಿಶಾ(ರ) ಮರುಪ್ರಶ್ನಿಸಿದರು. ಪ್ರವಾದಿ(ಸ)ರು ದವಡೆ ಹಲ್ಲುಗಳು ಕಾಣುವಂತೆ ನಕ್ಕರೆಂದು ಅಬೂದಾವೂದ್‌ನಲ್ಲಿ ವರದಿಯಾಗಿದೆ. ಆ ನಗುವನ್ನು ನಮ್ಮ ಮನೆಗಳಿಂದ ನಾವು ಹೊರಗಟ್ಟಿದ್ದು ಯಾವಾಗ? ಸಂಗೀತದ ವಿಚಾರ ಬೇರೆ. ಡ್ಯಾನಿ ಎಲ್ಫ್‌ಮನ್ ಎಂಬವರ ಹಾಡುಗಳೇ ಈ ಸಿನಿಮಾದ ಬೆನ್ನೆಲುಬು. ವಿದ್ವಾಂಸರ ಅಭಿಪ್ರಾಯಗಳು ಭಿನ್ನವಾಗಿವೆ. ಪ್ರತಿಯೊಬ್ಬರೂ ತಾವು ನಂಬುವ ವಿದ್ವಾಂಸರನ್ನು ಕೇಳಿಕೊಳ್ಳಲಿ.

ಬೊಂಬೆಯೆಂದೆ. ಇದು ಚಿತ್ರ ಬರೆದು ಮಾಡಿದ ಕಾರ್ಟೂನಲ್ಲ. ನಿಜವಾದ ಬೊಂಬೆಗಳನ್ನು ನಿಲ್ಲಿಸಿ, ಕೂದಲೆಳೆಯಷ್ಟು ಸರಿಸಿ, ಒಂದು ಚಿತ್ರ ತೆಗೆದು, ಮತ್ತೆ ಸರಿಸಿ, ಸೆಕೆಂಡೊಂದಕ್ಕೆ 24 ಚಿತ್ರಗಳಂತೆ ಜೋಡಿಸಿದ್ದು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸುಮಾರು ಮೂರು ವರ್ಷ ಈ ಕೆಲಸ ನಡೆಯಿತು. ಜ್ಯಾಕ್‌ನ ಮುಖಭಾವ ಬದಲಿಸಲೆಂದು ನೂರಾರು ತಲೆಗಳನ್ನು ಬೇರೆ ಬೇರೆಯಾಗಿ ಮಾಡಿಟ್ಟಿದ್ದರು. ನಿರ್ದೇಶಿಸಿದವರು ಹೆನ್ರಿ ಸೆಲಿಕ್. ಕಥೆ ಹೊಳೆದದ್ದು ಟಿಮ್ ಬರ್ಟನ್‌ಗೆ. ಶೀರ್ಷಿಕೆಯ ಮೇಲೆ ರಾರಾಜಿಸುವುದು ಬರ್ಟನ್‌ನ ಹೆಸರು ಮಾತ್ರ. ದುಡಿದವನೊಬ್ಬ, ಹೆಸರು ಇನ್ನೊಬ್ಬನದು. ಅದಿರಲಿ.

ಹಾಗಾದರೆ ಈ ಸಿನಿಮಾ ನಿರ್ದೋಷಿಯೇ? ಅಲ್ಲ. ನನ್ನ ತಕರಾರು ಇಲ್ಲಿಂದ ಆರಂಭವಾಗುತ್ತದೆ. ‘ಅದೆಲ್ಲ ಮಕ್ಕಳ ಆಟ ಉಸ್ತಾದರೇ, ಅದರಲ್ಲೇನಿದೆ’ ಎಂದು ನಗುವ ವಿದ್ಯಾವಂತ ಹೆತ್ತವರು ದಯವಿಟ್ಟು ಇದನ್ನೂ ಕೇಳಿಸಿಕೊಳ್ಳಬೇಕು.

ಈ ಕಥೆ ಹುಟ್ಟಿದ್ದು ಎಲ್ಲಿ? ಅಂಗಡಿಯ ಕಪಾಟಿನ ಮುಂದೆ. ಹ್ಯಾಲೋವೀನ್‌ನ ಮಾಲನ್ನು ಇಳಿಸಿ ಅದೇ ಜಾಗದಲ್ಲಿ ಕ್ರಿಸ್ಮಸ್‌ನ ಮಾಲನ್ನು ಏರಿಸುತ್ತಿದ್ದುದನ್ನು ಕಂಡಾಗ, ಎರಡೂ ಹಬ್ಬಗಳು ಡಿಕ್ಕಿ ಹೊಡೆದಂತೆ ಅನಿಸಿ ಈ ಕಲ್ಪನೆ ಮೂಡಿತೆಂದು ಬರ್ಟನ್ ಹೇಳಿಕೊಂಡಿದ್ದಾರೆ. 1980ರ ದಶಕದ ಆರಂಭದಲ್ಲಿ, ಡಿಸ್ನಿ ಕಂಪೆನಿಯಲ್ಲಿ ಚಿತ್ರಕಾರರಾಗಿದ್ದಾಗ, ಅವರು ಇದನ್ನು ಪದ್ಯವಾಗಿ ಬರೆದಿಟ್ಟಿದ್ದರು. ಸಿನಿಮಾ ಬಂದದ್ದು 1993ರ ಅಕ್ಟೋಬರಿನಲ್ಲಿ. ಮಕ್ಕಳಿಗೆ ತೀರಾ ಕರಾಳವಾದೀತೆಂದು ಡಿಸ್ನಿ ಆಗ ಅದಕ್ಕೆ ತನ್ನ ಹೆಸರು ಕೊಡಲಿಲ್ಲ. ಟಚ್‌ಸ್ಟೋನ್ ಎಂಬ ತನ್ನದೇ ಇನ್ನೊಂದು ಹೆಸರಿನಲ್ಲಿ ಬಿಡುಗಡೆ ಮಾಡಿತು. ವರ್ಷಗಳುರುಳಿದವು. ಜ್ಯಾಕ್‌ನ ಮುಖವಿರುವ ಅಂಗಿ, ಚೀಲ, ಬಟ್ಟಲುಗಳು ಮಾರಾಟವಾಗತೊಡಗಿದವು. 2001ರಿಂದ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನಲ್ಲಿರುವ ಭೂತಬಂಗಲೆಯನ್ನು ಪ್ರತಿ ಹಬ್ಬದ ಋತುವಿನಲ್ಲೂ ಜ್ಯಾಕ್‌ನ ಅಲಂಕಾರದಿಂದ ಸಿಂಗರಿಸಲಾಗುತ್ತಿದೆ. 2006ರಲ್ಲಿ ಅದೇ ಸಿನಿಮಾವನ್ನು ತ್ರೀಡಿ ಮಾಡಿ ಮರುಬಿಡುಗಡೆ ಮಾಡಿದಾಗ ಡಿಸ್ನಿ ತನ್ನ ಹೆಸರನ್ನೇ ಹಚ್ಚಿಕೊಂಡಿತು. ಕತ್ತಲು ಕರಗಿರಲಿಲ್ಲ, ಒಂದು ದೃಶ್ಯವೂ ತಿಳಿಯಾಗಿರಲಿಲ್ಲ. ಲೆಕ್ಕದ ಪುಸ್ತಕ ಬದಲಾಗಿತ್ತು, ಅಷ್ಟೆ. ಇದು ಹ್ಯಾಲೋವೀನ್ ಚಿತ್ರವೋ ಕ್ರಿಸ್ಮಸ್ ಚಿತ್ರವೋ ಎಂದು ಅಮೆರಿಕದಲ್ಲಿ ಅಭಿಮಾನಿಗಳು ಇಂದಿಗೂ ಜಗಳವಾಡುತ್ತಾರೆ. ವ್ಯಾಪಾರಿಗೆ ಆ ಜಗಳಕ್ಕಿಂತ ಸವಿಯಾದದ್ದು ಇನ್ನೇನಿದೆ? ಎರಡೂ ಋತುಗಳಲ್ಲಿ ಮಾರಬಹುದು.

ಇದಕ್ಕಿಂತ ದೊಡ್ಡ ದೋಷವೊಂದಿದೆ. ಜ್ಯಾಕ್ ಕ್ರಿಸ್ಮಸ್‌ನ ಅರ್ಥ ಹುಡುಕಲು ತನ್ನ ಗೋಪುರದಲ್ಲಿ ಪ್ರಯೋಗಾಲಯ ತೆರೆಯುತ್ತಾನೆ. ಬೊಂಬೆ ಕರಡಿಯ ಹೊಟ್ಟೆ ಸೀಳುತ್ತಾನೆ. ಮರಕ್ಕೆ ಕಟ್ಟುವ ಗಾಜಿನ ಗೋಲಿಯನ್ನು ಪುಡಿಮಾಡಿ ಕುದಿಸುತ್ತಾನೆ. ಕರಿಹಲಗೆಯ ತುಂಬ ಸೂತ್ರ ಬರೆಯುತ್ತಾನೆ. ಹಿಮದ ಹರಳಿನಂತೆ ಕಾಗದ ಕತ್ತರಿಸಲು ಹೋದರೆ ಅವನ ಕೈಯಲ್ಲಿ ಅದು ಜೇಡವಾಗುತ್ತದೆ. ಎಷ್ಟು ಹುಡುಕಿದರೂ ಅರ್ಥ ಸಿಗುವುದಿಲ್ಲ. ಕೊನೆಗೆ, ಅರ್ಥವಾಗದಿದ್ದರೇನಂತೆ, ನಾನೇ ಮಾಡಿಬಿಡುತ್ತೇನೆ, ಇನ್ನೂ ಚೆನ್ನಾಗಿ ಮಾಡುತ್ತೇನೆ ಎಂದು ಹೊರಡುತ್ತಾನೆ.

ಅವನಿಗೆ ಅರ್ಥ ಸಿಗಲಿಲ್ಲ, ಸರಿ. ಕಥೆ ಹೇಳಿದವರಿಗೆ ಸಿಕ್ಕಿತೇ? ಸಿನಿಮಾದ ಕ್ರಿಸ್ಮಸ್ ಪಟ್ಟಣವನ್ನು ಹುಡುಕಿ ನೋಡಿ. ಆಟಿಕೆ ಇದೆ, ಹಿಮವಿದೆ, ತಾತನಿದ್ದಾನೆ, ಯಾರು ಒಳ್ಳೆಯ ಮಕ್ಕಳು ಯಾರು ತುಂಟರು ಎಂಬ ಪಟ್ಟಿಯೂ ಇದೆ. ಯಾರ ಜನನದ ಹೆಸರಿನಲ್ಲಿ ಈ ಹಬ್ಬವೋ ಅವರಿಗೆ ಈ ಕಥೆಯಲ್ಲಿ ಸ್ಥಾನವಿಲ್ಲ. ಅವರ ತಾಯಿಗೂ ಇಲ್ಲ. ಜ್ಯಾಕ್ ಹೊರಗಿನಿಂದ ಬಂದು ಹಬ್ಬದ ಸಿಪ್ಪೆಯನ್ನು ಕದ್ದ. ಆದರೆ ಅವನು ಕದಿಯುವ ಮುಂಚೆಯೇ ಒಳಗಿನ ತಿರುಳನ್ನು ಯಾರೋ ತೆಗೆದಿಟ್ಟಿದ್ದರು. ತಾತನನ್ನು ಬಿಡಿಸಿದರೆ ಹಬ್ಬ ಉಳಿಯಿತೆಂದು ಸಿನಿಮಾ ಸಮಾಧಾನಪಟ್ಟುಕೊಳ್ಳುತ್ತದೆ. ಈಸಾ(ಅ)ರನ್ನು ಪ್ರವಾದಿಯೆಂದು ನಂಬುವ ನಮಗೆ, ಡಿಸೆಂಬರ್ 25ನ್ನು ಆಚರಿಸದ ನಮಗೆ, ಈ ಗೈರುಹಾಜರಿ ಕ್ರೈಸ್ತ ಸಹೋದರರಿಗಿಂತ ಕಡಿಮೆ ನೋವು ಕೊಡಬೇಕಾದ ಕಾರಣವೇನು?

ಕತ್ತಲಿನ ಕಥೆಯೇ ಬೇಕಾಗಿದ್ದರೆ ಕುರ್‌ಆನಿನ ಮರ್ಯಮ್ ಅಧ್ಯಾಯದಲ್ಲಿರುವುದಕ್ಕಿಂತ ಆಳವಾದ ಕತ್ತಲು ಎಲ್ಲಿದೆ? ಒಬ್ಬಂಟಿ ಹೆಣ್ಣು. ಊರಿನಿಂದ ದೂರ. ಹೆರಿಗೆಯ ನೋವು ಅವರನ್ನು ಖರ್ಜೂರದ ಮರದ ಬುಡಕ್ಕೆ ತಂದು ನಿಲ್ಲಿಸಿದೆ. ಇದಕ್ಕೆ ಮೊದಲೇ ಸತ್ತು ಎಲ್ಲರ ನೆನಪಿನಿಂದ ಅಳಿದುಹೋಗಿದ್ದರೆ ಚೆನ್ನಿತ್ತು ಎಂದು ಆ ಪವಿತ್ರ ಸ್ತ್ರೀ ಹಂಬಲಿಸುತ್ತಾರೆ. ಆಗ ಕೆಳಗಿನಿಂದ ಸಾಂತ್ವನದ ಕರೆ. ಪಾದದ ಬಳಿ ಹರಿಯುವ ನೀರು. ಅಲುಗಿಸಿದರೆ ಉದುರುವ ಹಣ್ಣು. ಮಗುವನ್ನು ಎತ್ತಿಕೊಂಡು ಊರಿಗೆ ಬಂದರೆ ಕಾದಿರುವುದು ಅಪವಾದ. ಉತ್ತರ ಕೊಟ್ಟದ್ದು ತೊಟ್ಟಿಲ ಕೂಸು. ಇದನ್ನು ನಮ್ಮ ಮಕ್ಕಳಿಗೆ, ಉಸಿರು ಬಿಗಿಹಿಡಿದು ಕೇಳುವಂತೆ, ನಾವು ಹೇಳಿದ್ದೇವೆಯೇ? ಮದ್ರಸಾದಲ್ಲಿ ನಾನೂ ಅಧ್ಯಾಯವನ್ನು ಓದಿಸುತ್ತೇನೆ. ಉಚ್ಚಾರಣೆ ತಿದ್ದುತ್ತೇನೆ. ಆ ಮರದ ಕೆಳಗೆ ಮಕ್ಕಳನ್ನು ಕರೆದೊಯ್ದು ನಿಲ್ಲಿಸಿದ್ದು ಅಪರೂಪ. ತಪ್ಪು ನನ್ನದೂ ಹೌದು.

ಇನ್ನೂ ಒಂದು ವಿಚಾರ ನಮ್ಮಲ್ಲಿ ಹೆಚ್ಚಿನವರ ಗಮನಕ್ಕೆ ಬಂದಿಲ್ಲ. ‘ಈದ್’ ಎಂಬ ಪದ ಕುರ್‌ಆನಿನಲ್ಲಿ ಒಂದೇ ಒಂದು ಕಡೆ ಬರುತ್ತದೆ. ಅದು ಬರುವುದು ಈಸಾ(ಅ)ರ ಪ್ರಾರ್ಥನೆಯಲ್ಲಿ, ಅಲ್‌ಮಾಇದ ಅಧ್ಯಾಯದ ಕೊನೆಯ ಭಾಗದಲ್ಲಿ. ಆಕಾಶದಿಂದ ಊಟದ ಹರಿವಾಣ ಇಳಿದು ಬರಲಿ ಎಂದು ಶಿಷ್ಯರು ಕೇಳುತ್ತಾರೆ. ಅದು ತಮ್ಮಲ್ಲಿ ಮೊದಲಿನವರಿಗೂ ಕೊನೆಯವರಿಗೂ ಹಬ್ಬವಾಗಲಿ ಎಂದು ಈಸಾ(ಅ) ಬೇಡುತ್ತಾರೆ. ಅಲ್ಲಾಹನು ಒಪ್ಪುತ್ತಾನೆ; ಜೊತೆಗೆ, ಇದಾದ ಮೇಲೂ ನಿರಾಕರಿಸುವವನಿಗೆ ಕಠಿಣ ಶಿಕ್ಷೆಯ ಎಚ್ಚರಿಕೆಯನ್ನೂ ಕೊಡುತ್ತಾನೆ. ಹಬ್ಬವೆಂದರೆ ಉಂಡು ಎದ್ದುಹೋಗುವ ಪಂಕ್ತಿಯಲ್ಲ, ಕೊಟ್ಟವನ ಮುಂದೆ ಹೊಣೆಗಾರನಾಗಿ ನಿಲ್ಲುವ ದಿನ. ಅದನ್ನು ಅರಿಯದೆ ಗಾಜಿನ ಗೋಲಿಯನ್ನು ಎಷ್ಟು ಕುದಿಸಿದರೂ ಜ್ಯಾಕ್‌ಗೆ ಏನು ಸಿಕ್ಕೀತು?

ಈಗ ಬಾಗಿಲನ್ನು ತಿರುಗಿಸಿ ನೋಡೋಣ. ಆ ಕಾಡಿನ ಇನ್ನೊಂದು ಮರದಲ್ಲಿ ಅರ್ಧಚಂದ್ರನ ಗುರುತಿನ ಬಾಗಿಲೊಂದಿದ್ದು, ರಮಝಾನಿನ ಕೊನೆಯ ಹತ್ತರ ಒಂದು ರಾತ್ರಿ ಜ್ಯಾಕ್ ನಮ್ಮ ಪೇಟೆಗೆ ಬಿದ್ದನೆಂದುಕೊಳ್ಳಿ. ಅವನಿಗೆ ಏನು ಕಾಣುತ್ತದೆ? ನಡುರಾತ್ರಿ ದಾಟಿದರೂ ಬೆಳಗುತ್ತಿರುವ ಬಟ್ಟೆ ಅಂಗಡಿಗಳು. ‘ಈದ್ ಆಫರ್’ ಫಲಕಗಳು. ಮೆಹಂದಿ, ಅತ್ತರ್, ಚಪ್ಪಲಿಯ ಮುಂದೆ ನೂಕುನುಗ್ಗಲು. ಬೆಳಿಗ್ಗೆ ಬಿರಿಯಾನಿಯ ಘಮ. ಇವುಗಳನ್ನು ಚೀಲಕ್ಕೆ ತುಂಬಿಕೊಂಡು ತನ್ನ ಊರಿಗೆ ಹೋಗಿ ಈದ್ ಮಾಡಲು ಅವನಿಗೆ ಯಾವ ಕಷ್ಟವೂ ಇಲ್ಲ. ಮಸೀದಿಯೊಳಗೆ, ರಮಝಾನಿನ ಮೊದಲ ದಿನ ತುಂಬಿ ತುಳುಕಿದ್ದ ಹಿಂದಿನ ಸಾಲುಗಳು ಆ ರಾತ್ರಿ ಖಾಲಿಯಾಗಿರುವುದನ್ನು ಅವನು ಗಮನಿಸಲಾರ. ಈದ್ ನಮಾಝಿಗೆ ಮುಂಚೆ, ಯಾರಿಗೂ ಕಾಣದಂತೆ, ಒಂದು ಸಾಅ್ ಅಕ್ಕಿಯನ್ನು ಬಡವರ ಮನೆ ಬಾಗಿಲಿಗೆ ಮುಟ್ಟಿಸಿ ಬರುವ ಕಾರ್ಮಿಕನೂ ಅವನ ಕಣ್ಣಿಗೆ ಬೀಳುವುದಿಲ್ಲ. ಜ್ಯಾಕ್‌ಗೆ ಬೀಳದಿದ್ದರೆ ಹೋಗಲಿ. ನಮ್ಮದೇ ಮನೆಯ ಮಗುವಿಗೆ ಬೀಳುತ್ತಿದೆಯೇ? ಆ ಅಕ್ಕಿಯ ಚೀಲವನ್ನು ಮಗನ ಕೈಗೆ ಕೊಟ್ಟು ಕಳುಹಿಸಿದ ತಂದೆಯರು ಎಷ್ಟು ಮಂದಿ? ಬ್ಯಾಂಕ್ ಖಾತೆಯಿಂದ ಹಣ ಕಳುಹಿಸಿ ಮುಗಿಸಿದವರು ಎಷ್ಟು?

ಕ್ರಿಸ್ಮಸ್‌ನ ತಿರುಳು ತೆಗೆದ ಅಂಗಡಿಗೆ ಈದ್‌ನ ತಿರುಳು ತೆಗೆಯುವುದು ಕಷ್ಟವೇನಲ್ಲ. ಅದಕ್ಕೆ ಶೈತಾನನ ಆರಾಧಕರ ಗುಪ್ತಸಂಘ ಬೇಕಾಗಿಲ್ಲ. ನಾವು ಸಾಕು.

ಪ್ರವಾದಿ(ಸ)ರು ಮದೀನಾಕ್ಕೆ ಬಂದಾಗ ಅಲ್ಲಿನವರಿಗೆ ಆಟಪಾಟದ ಎರಡು ದಿನಗಳಿದ್ದವು. ಅವುಗಳನ್ನು ಬರಿದೆ ಕಿತ್ತುಕೊಂಡು ಕೈ ಖಾಲಿ ಬಿಡಲಿಲ್ಲ. ಅದಕ್ಕಿಂತ ಉತ್ತಮವಾದ ಎರಡು ದಿನಗಳನ್ನು ಅಲ್ಲಾಹನು ಬದಲಿಗೆ ಕೊಟ್ಟನೆಂದು ಕಲಿಸಿದರು. ಈದ್ ದಿನ ಅಬಿಸೀನಿಯಾದವರು ಮಸೀದಿಯಲ್ಲಿ ಈಟಿಯ ಆಟವಾಡಿದಾಗ ಆಯಿಶಾ(ರ)ರಿಗೆ ತಮ್ಮ ಹೆಗಲ ಮರೆಯಿಂದ ಅದನ್ನು ನೋಡಲು ಬಿಟ್ಟು, ಅವರಿಗೆ ಸಾಕೆನಿಸುವವರೆಗೂ ನಿಂತರು. ಬೇಡವೆನ್ನುವುದು ಸುಲಭ. ನಿಂತು ತೋರಿಸುವುದಕ್ಕೆ ಸಮಯ ಬೇಕು. ಧ್ವನಿ ಸಂದೇಶ ರವಾನಿಸುವುದಕ್ಕೆ ಒಂದು ಬೆರಳು ಸಾಕು.

ನಾಲ್ಕೈದು ವರ್ಷದ ಕೂಸುಗಳಿಗೆ ಈ ಸಿನಿಮಾ ತೋರಿಸಬೇಡಿ ಎಂದೇ ನಾನೂ ಹೇಳುತ್ತೇನೆ. ಊಗಿ ಬೂಗಿ ಎಂಬ ಜೂಜುಕೋರ ದುಷ್ಟನ ಹೊಲಿಗೆ ಬಿಚ್ಚಿ, ಗೋಣಿಯೊಳಗಿಂದ ಹುಳಗಳು ಉದುರುವ ದೃಶ್ಯ ಎಳೆಯ ಮಕ್ಕಳ ನಿದ್ದೆ ಕೆಡಿಸಬಲ್ಲದು. ಅಮೆರಿಕದಲ್ಲೇ ಅದಕ್ಕೆ ಹೆತ್ತವರ ಮಾರ್ಗದರ್ಶನ ಬೇಕೆಂಬ ದರ್ಜೆ ನೀಡಲಾಗಿದೆ. ದೊಡ್ಡ ಮಕ್ಕಳು ನೋಡುವುದಿದ್ದರೆ ಸ್ಯಾಲಿಯನ್ನು ಗಮನಿಸಲು ಹೇಳಿ. ಚಿಂದಿ ಬಟ್ಟೆಯಿಂದ ಹೊಲಿದ ಬೊಂಬೆ ಅವಳು. ಈ ಹಬ್ಬ ನಮ್ಮದಲ್ಲ, ಇದು ಕೆಡುಕಾಗುತ್ತದೆಂದು ಜ್ಯಾಕ್‌ನನ್ನು ಎಚ್ಚರಿಸುವುದು ಅವಳೊಬ್ಬಳೇ. ಅವಳು ಕೂಗಾಡುವುದಿಲ್ಲ. ಅವನನ್ನು ಪ್ರೀತಿಸುತ್ತಲೇ, ಅವನಿಗಾಗಿ ಆ ಕೆಂಪು ಅಂಗಿಯನ್ನು ಹೊಲಿಯುತ್ತಲೇ ಹೇಳುತ್ತಾಳೆ. ಅವನು ಕೇಳುವುದಿಲ್ಲ. ಆಮೇಲೆ ಅವನನ್ನು ತಡೆಯಲು ಮಂಜು ಕವಿಸುತ್ತಾಳೆ, ಸೆರೆಯಾದ ತಾತನನ್ನು ಬಿಡಿಸಲು ಪ್ರಾಣವನ್ನೇ ಒಡ್ಡುತ್ತಾಳೆ. ನಮಗೆ ಬೇಕಾದ ಉಪದೇಶಕಿ ಅವಳು, ಸಿಕ್ಕಿರುವುದು ಧ್ವನಿ ಸಂದೇಶ.

ಕೊನೆಯಲ್ಲಿ ಬಿಡುಗಡೆಯಾದ ತಾತ ಹ್ಯಾಲೋವೀನ್ ಪಟ್ಟಣದ ಮೇಲೆ ಹಾರಿಹೋಗುತ್ತ ಹಿಮ ಸುರಿಸುತ್ತಾನೆ. ತನ್ನನ್ನು ಮೂಟೆಕಟ್ಟಿ ಹೊತ್ತೊಯ್ದ ಊರಿಗೆ! ಭೂತಗಳು ಹಿಮದಲ್ಲಿ ಆಡುತ್ತವೆ. ಯಾರೂ ಕ್ರಿಸ್ಮಸ್ ಪಟ್ಟಣದವರಾಗುವುದಿಲ್ಲ. ನೆರೆಮನೆಯಿಂದ ಬಂದ ಕೇಕಿನ ತುಂಡಿಗೂ ನೆರೆಮನೆಯ ಆರಾಧನೆಗೂ ಇರುವ ವ್ಯತ್ಯಾಸವನ್ನು ಇಷ್ಟು ಚೊಕ್ಕವಾಗಿ ತೋರಿಸಿದ್ದನ್ನು ನಾನು ಬೇರೆಡೆ ಕಂಡಿಲ್ಲ.

ಆ ಹುಡುಗಿಯ ಪ್ರಶ್ನೆಗೆ ಬರುತ್ತೇನೆ. ‘ಉಸ್ತಾದ್, ಆ ಸಿನಿಮಾದಲ್ಲಿ ಕ್ರಿಸ್ಮಸ್ ಉಂಟು, ಈಸಾ ನಬಿ ಯಾಕೆ ಇಲ್ಲ?’ ಎಂದು ಕೇಳಿದ್ದಳು. ಸಿನಿಮಾ ನೋಡಿದ ಮರುದಿನ ನಾನು ಪಾಠವನ್ನು ಬದಿಗಿಟ್ಟು ಖರ್ಜೂರದ ಮರದ ಕೆಳಗಿನ ಕಥೆ ಹೇಳಿದೆ. ಗಂಟೆ ಬಾರಿಸಿದರೂ ಯಾರೂ ಎದ್ದಿರಲಿಲ್ಲ.

ಅಂದು ರಾತ್ರಿ ಅವಳ ತಂದೆ ಫೋನ್ ಮಾಡಿದರು. ಧ್ವನಿಯಲ್ಲಿ ಅಳುಕಿತ್ತು. ‘ಉಸ್ತಾದರೇ, ಗ್ರೂಪಿನಲ್ಲಿ ಆ ವಾಯ್ಸ್ ಕೇಳಿದೆ. ಮಗಳಿಗೆ ಅದನ್ನು ತೋರಿಸಿದ್ದು ತಪ್ಪಾಯಿತಾ?’

‘ನೀವು ಅವಳ ಜೊತೆ ಕುಳಿತಿದ್ದಿರಾ?’ ಎಂದು ಕೇಳಿದೆ.

‘ಅರ್ಧ ಕುಳಿತಿದ್ದೆ. ಆಮೇಲೆ ಅಂಗಡಿಯಿಂದ ಫೋನ್ ಬಂತು.’

ಉಳಿದರ್ಧವನ್ನು ಶುಕ್ರವಾರ ಅವಳ ಜೊತೆಗೇ ಕುಳಿತು ನೋಡಿ ಎಂದೆ.